ಕೋವಿಡ್ ಸಮಯದಲ್ಲಿ ಮನೋವೈದ್ಯರು ಫೋನಿನಲ್ಲೇ ರೋಗಿಗಳನ್ನು ನೋಡಿದ್ದು ನಿಜಕ್ಕೂ ಉಪಯೋಗಕ್ಕೆ ಬಂತಾ?

ಬಂತು. ಆದರೆ ಎಲ್ಲರಿಗೂ ಒಂದೇ ಥರ ಬರಲಿಲ್ಲ. "ಎದುರು ಕೂರದೆ ಮನಸ್ಸಿನ ಕಾಯಿಲೆ ಹೇಗೆ ಗೊತ್ತಾಗುತ್ತೆ?" ಎಂದೂ ಕೇಳಿದ್ದೀರಿ. ನಾನು ಮನೋವೈದ್ಯೆ, ಆಗ ಒಂದು ಜಿಲ್ಲಾ ಕೇಂದ್ರದಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೆ. ಕಾಯಿಲೆ ಗುರುತಿಸುವುದಕ್ಕಿಂತ ಹೆಚ್ಚು ಕಷ್ಟವಾಗಿದ್ದು ರೋಗಿಗೆ ಮನೆಯಲ್ಲಿ ಒಬ್ಬರೇ ಕೂತು ಮಾತಾಡಲು ಜಾಗ ಸಿಗದೇ ಇದ್ದದ್ದು.

ದೇಶಕ್ಕೆಲ್ಲ ಲಾಕ್‌ಡೌನ್ ಬಂದಿದ್ದು 2020ರ ಮಾರ್ಚ್ 25ಕ್ಕೆ. ದೂರದಿಂದಲೇ ರೋಗಿಯನ್ನು ನೋಡಿ ಔಷಧಿ ಬರೆಯಲು ಅವಕಾಶ ಕೊಟ್ಟ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಅದೇ ದಿನ ಬಂತು. ಅಲ್ಲಿಯವರೆಗೆ ಫೋನಿನಲ್ಲಿ ಔಷಧಿ ಹೇಳಿದರೆ ನಾಳೆ ಕೇಸು ಗೀಸು ಆದರೆ ಏನು ಗತಿ ಎಂಬ ಅಳುಕು ನಮ್ಮಲ್ಲಿ ಬಹಳ ಜನಕ್ಕಿತ್ತು. ಆಮೇಲೆ ಮೇ ತಿಂಗಳಲ್ಲಿ ನಿಮ್ಹಾನ್ಸ್, ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ, ಟೆಲಿಮೆಡಿಸಿನ್ ಸೊಸೈಟಿ ಮೂರೂ ಸೇರಿ ಮನೋವೈದ್ಯರಿಗೆಂದೇ ಒಂದು ಕೈಪಿಡಿ ತಂದವು.

ಜಾಸ್ತಿ ಲಾಭವಾಗಿದ್ದು ಹಳೆಯ ರೋಗಿಗಳಿಗೆ. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಕಾಯಿಲೆ), ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊರಳುವ ಕಾಯಿಲೆ) ಇರುವವರು ವರ್ಷಗಟ್ಟಲೆ ಮಾತ್ರೆ ತಗೊಂಡು ಚೆನ್ನಾಗಿಯೇ ಇರುತ್ತಾರೆ. ಬಸ್ಸು ನಿಂತು, ಮಾತ್ರೆಯೂ ನಿಂತರೆ ಕಾಯಿಲೆ ಮರುಕಳಿಸುತ್ತದೆ. ಇಂಥವರಿಗೆ ಒಂದು ಫೋನು, ವಾಟ್ಸಾಪಿನಲ್ಲಿ ಒಂದು ಚೀಟಿ ಸಾಕಾಗುತ್ತಿತ್ತು. ಕೆಲವು ಹಳ್ಳಿಗಳಲ್ಲಿ ಮೆಡಿಕಲ್ ಶಾಪಿನವರು ಮೊಬೈಲಿನ ಫೋಟೋ ನೋಡಿ ಮಾತ್ರೆ ಕೊಡಲು ಹೆದರುತ್ತಿದ್ದರು. ನಾನೇ ಫೋನ್ ಮಾಡಿ, ಚೀಟಿಯಲ್ಲಿ ನನ್ನ ರಿಜಿಸ್ಟ್ರೇಷನ್ ನಂಬರ್ ಇದೆ ನೋಡಿ ಅಣ್ಣಾ ಎಂದರೆ ಕೊಡುತ್ತಿದ್ದರು.

ಮಾತಾಡಬೇಕಾದವರ ಕಥೆ ಬೇರೆ. ಲಾಕ್‌ಡೌನಿನಲ್ಲಿ ಮನೆಮಂದಿಯೆಲ್ಲ ಮನೆಯಲ್ಲೇ. ಇರುವುದು ಎರಡು ಕೋಣೆ. ಗಂಡ ಹೊಡೆಯುತ್ತಾನೆ ಎನ್ನುವುದನ್ನು ಗಂಡ ಪಕ್ಕದಲ್ಲಿ ಕೂತಿರುವಾಗ ಯಾರು ಹೇಳುತ್ತಾರೆ? ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, "ಪಕ್ಕದಲ್ಲಿ ಯಾರಾದರೂ ಇದ್ದಾರಾ? ಹೌದು, ಇಲ್ಲ ಅಷ್ಟೇ ಹೇಳಿ." ಒಬ್ಬ ಹೆಣ್ಣುಮಗಳು ಬಟ್ಟೆ ಒಣಗಿಸುವ ನೆಪದಲ್ಲಿ ತಾರಸಿಗೆ ಹೋಗಿ ಮಾತಾಡುತ್ತಿದ್ದಳು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಯಾರಾದರೂ ಮೆಟ್ಟಿಲು ಹತ್ತಿದರೆ "ಸರಿ ಡಾಕ್ಟ್ರೇ, ಊಟ ಆದಮೇಲೆ ತಗೋತೀನಿ" ಎನ್ನಬೇಕು ಎಂದು ಮೊದಲೇ ಮಾತಾಗಿತ್ತು. ಆ ಮಾತು ಬಂದ ಕೂಡಲೇ ನಾನು ಮಾತ್ರೆ, ನಿದ್ದೆ, ಹಸಿವಿನ ವಿಷಯ ಎತ್ತುತ್ತಿದ್ದೆ. ಅವಳು ಖುಷಿಪಡದಿದ್ದರೂ ಫೋನ್ ಇಡುವಾಗ ಅವಳ ಉಸಿರು ನಿಧಾನವಾಗಿರುತ್ತಿತ್ತು. ವಿಡಿಯೋ ಇದ್ದಿದ್ದರೆ ಅವಳು ಇಷ್ಟು ಬಾಯಿ ಬಿಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಪರದೆಯಲ್ಲಿ ತನ್ನದೇ ಮುಖ ನೋಡುತ್ತಾ ಅಳುವುದು ಸುಲಭವಲ್ಲ, ಅಲ್ವಾ?

ಪ್ರತಿ ಸಲ ಕರೆಯ ಶುರುವಿನಲ್ಲೇ ಈಗ ಎಲ್ಲಿದ್ದೀರಿ, ಹತ್ತಿರದವರ ನಂಬರ್ ಒಂದು ಕೊಡಿ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕಿತ್ತು. ಸಾಯುವ ಮಾತಾಡುತ್ತಿರುವವರ ಫೋನ್ ನಡುವೆ ಕಟ್ ಆದರೆ ಆ ನಂಬರ್ ಬಿಟ್ಟು ನಮ್ಮ ಕೈಯಲ್ಲಿ ಬೇರೇನೂ ಇರುವುದಿಲ್ಲ.

ಇನ್ನು ಫೋನಿನಿಂದ ಆಗದ ಕೆಲಸ. ಲಾಕ್‌ಡೌನಿನಲ್ಲಿ ಮದ್ಯದಂಗಡಿ ಮುಚ್ಚಿದವು. ಕರ್ನಾಟಕದಲ್ಲಿ ಮತ್ತೆ ತೆರೆದಿದ್ದು ಮೇ 4ಕ್ಕೆ. ದಿನಾ ಕುಡಿಯುತ್ತಿದ್ದವರಿಗೆ ಏಕಾಏಕಿ ನಿಂತರೆ ಕೈನಡುಕ, ಬೆವರು ಶುರುವಾಗುತ್ತದೆ. ಕೆಲವರಿಗೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣಿಸುತ್ತದೆ. ಪ್ರಾಣಕ್ಕೇ ಅಪಾಯ. ಇದಕ್ಕೆ ಕೊಡುವ ಲೋರಾಜೆಪಾಮ್‌ನಂಥ ಮಾತ್ರೆಗಳು ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾನೂನಿನಡಿ ಬರುವುದರಿಂದ ಆನ್‌ಲೈನ್‌ನಲ್ಲಿ ಬರೆಯುವ ಹಾಗಿರಲಿಲ್ಲ. ಆ ನಿಷೇಧ ಸರಿಯೇ, ದುರುಪಯೋಗ ತಡೆಯಲು ಅದು ಬೇಕು. ಆದರೆ ರಾತ್ರಿ ಹನ್ನೊಂದಕ್ಕೆ ಹೆಂಡತಿ ಫೋನ್ ಮಾಡಿ "ಗೋಡೆ ಮೇಲೆ ಹುಳ ಹರೀತಿದೆ ಅಂತಾರೆ ಡಾಕ್ಟ್ರೇ" ಎಂದಾಗ ನಾನು ಹೇಳಬಹುದಾಗಿದ್ದು ಒಂದೇ: 108ಕ್ಕೆ ಕರೆ ಮಾಡಿ, ಈಗಲೇ ಆಸ್ಪತ್ರೆಗೆ ಸೇರಿಸಿ. ಅಂಗಡಿ ಮುಚ್ಚುವಾಗ ಇಂಥವರ ಬಗ್ಗೆಯೂ ಸರ್ಕಾರ ಯೋಚಿಸಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ರಕ್ತಪರೀಕ್ಷೆ ಬೇಕಾಗುವ ಔಷಧಿಗಳದ್ದೂ ಇದೇ ಪಾಡು. ಬೈಪೋಲಾರ್‌ಗೆ ಲಿಥಿಯಂ ತಗೊಳ್ಳುವವರಿಗೆ ರಕ್ತದಲ್ಲಿ ಅದರ ಪ್ರಮಾಣ ನೋಡಲೇಬೇಕು. ಸ್ಕಿಜೋಫ್ರೇನಿಯಾಗೆ ಕೊಡುವ ಕ್ಲೋಜಾಪಿನ್ ಆದರೆ ಬಿಳಿರಕ್ತಕಣ ಎಣಿಸುತ್ತಿರಬೇಕು. ಲಿಥಿಯಂ ಹೆಚ್ಚಾದರೆ ಕೈ ನಡುಗುತ್ತದೆ, ಅದಕ್ಕೆ ವಿಡಿಯೋದಲ್ಲಿ ಎರಡೂ ಕೈ ಚಾಚಿಸಿ ನಡುಕ ಇದೆಯಾ ಎಂದು ನೋಡುತ್ತಿದ್ದೆ, ಆದರೆ ಅದು ಲ್ಯಾಬಿನ ಕೆಲಸ ಮಾಡುವುದಿಲ್ಲ.

ಈಗ ನಿಮಗೋ ಮನೆಯವರಿಗೋ ಬೇಕಿದ್ದರೆ, ಮೊದಲ ಸಲ ಆದಷ್ಟೂ ಎದುರಲ್ಲೇ ತೋರಿಸಿ. ಆಮೇಲಿನ ಭೇಟಿಗಳನ್ನು ಫೋನಿನಲ್ಲಿ ಮಾಡಿಕೊಂಡರೂ ನಡೆಯುತ್ತದೆ. ಊರಲ್ಲಿ ಮನೋವೈದ್ಯರೇ ಇಲ್ಲದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ ಇದು. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.