10×12ರ ಹಾಲ್‌ಗೆ ಎಂಥ ಶೋಕೇಸ್?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನಮ್ಮ ಸಣ್ಣ ಮನೆ. ಹಾಲ್ 10 ಅಡಿ ಅಗಲ, 12 ಅಡಿ ಉದ್ದ. ಹಳೇ ಊರಿನ ಮನೆ ಮುಳುಗಡೆಯಲ್ಲಿ ಹೋದಾಗ ಅತ್ತೆಯವರು ಜೋಪಾನವಾಗಿ ತಂದ ಹಿತ್ತಾಳೆ ಸಾಮಾನು, ಗೋಕಾಕದಲ್ಲಿ ಮರದಿಂದ ಮಾಡಿದ ಬಣ್ಣದ ಹಣ್ಣುಗಳು, ಮಾವನವರು ಕುಸ್ತಿಯಲ್ಲಿ ಗೆದ್ದ ಬೆಳ್ಳಿ ಗದೆ ಎಲ್ಲಾ ಇನ್ನೂ ಟ್ರಂಕ್‌ನಲ್ಲೇ ಇವೆ. ಗದೆ ಮೂರಡಿ ಉದ್ದ, ಅದರ ತಲೆ 7 ಇಂಚು ದಪ್ಪ. ಸೋಫಾದ ಎದುರಿಗೆ, ಟಿವಿಯಿಂದ ಅಡುಗೆಮನೆ ಬಾಗಿಲವರೆಗೆ 5 ಅಡಿ ಗೋಡೆ ಖಾಲಿ ಇದೆ. ಅಂಗಡಿಯಲ್ಲಿ ಸರಿಯಾಗಿ 5 ಅಡಿ ಅಗಲದ, 16 ಇಂಚು ಆಳದ, ಹಿಂದೆ ಕನ್ನಡಿ ಇರುವ ರೆಡಿಮೇಡ್ ಶೋಕೇಸ್ ನೋಡಿದ್ದೇವೆ. ತಗೊಳ್ಳಬಹುದಾ? ಮಗನಿಗೆ ಮೂರು ವರ್ಷ, ಸುಮ್ನೆ ಕೂರುವವನಲ್ಲ.
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ತಂಗಿ, ಅದನ್ನು ಬಿಟ್ಟುಬಿಡಿ. ಕೆಟ್ಟ ಶೋಕೇಸ್ ಅಂತ ಅಲ್ಲ, ಅದರ ಅಳತೆ ನಿಮ್ಮ ಮನೆಯದ್ದಲ್ಲ. ಖಾಲಿ ಗೋಡೆ 5 ಅಡಿ ಇದೆ ಅಂತ 5 ಅಡಿಯ ಶೋಕೇಸ್ ತಂದರೆ ಅದು ಅಡುಗೆಮನೆ ಬಾಗಿಲ ಚೌಕಟ್ಟಿಗೆ ತಾಗಿ ನಿಲ್ಲುತ್ತೆ. 16 ಇಂಚು ಮುಂದಕ್ಕೂ ಬರುತ್ತೆ. ಊಟದ ತಟ್ಟೆ ಹಿಡಿದು ಆ ಬಾಗಿಲಿನಿಂದ ತಿರುಗುವವರ ಮೊಣಕೈಗೆ ಮೊದಲ ವಾರದಲ್ಲೇ ಅದು ಗೊತ್ತಾಗುತ್ತೆ. ಸಣ್ಣ ಹಾಲ್‌ನಲ್ಲಿ ಜಾಗ ತಿನ್ನೋದು ಶೋಕೇಸಿನ ಎತ್ತರ ಅಲ್ಲ, ಅದರ ಆಳ. ನನ್ನ ಬಡಿಗತನದ ಕಸುಬಿನಲ್ಲಿ ಗಿರಾಕಿಗಳು ಅಗಲ, ಎತ್ತರ ಹೇಳುತ್ತಿದ್ದರು. ಆಳ ಎಷ್ಟು ಅಂತ ನಾನೇ ಕೇಳಬೇಕಾಗುತ್ತಿತ್ತು.

ಹಾಗಾಗಿ ಮೊದಲ ಕೆಲಸ ಇದು. ಟ್ರಂಕ್ ಬಿಚ್ಚಿ ಎಲ್ಲವನ್ನೂ ಜಮಖಾನದ ಮೇಲೆ ಹರಡಿ. ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವುದು ಹೊರಗೆ ಕಾಣಬೇಕು, ಯಾವುದು ಒಳಗೇ ಇರಬೇಕು ಅಂತ ಅವರೇ ಹೇಳಲಿ. ಆಮೇಲೆ ಟೇಪು ಹಿಡಿದು ಒಂದೊಂದರ ಎತ್ತರ, ದಪ್ಪ ಬರೆದುಕೊಳ್ಳಿ. ಗೋಕಾಕದ ಮಾವು, ಬಾಳೆ, ಬದನೆ ಎಲ್ಲ ನಿಜವಾದ ಹಣ್ಣು-ಕಾಯಿಯ ಅಳತೆಯಲ್ಲೇ ಇರೋದು ಜಾಸ್ತಿ. 14 ಇಂಚು ಎತ್ತರದ ಖಾನೆಯಲ್ಲಿ ಅವನ್ನಿಟ್ಟರೆ ಸಂತೆ ಮುಗಿದ ಮೇಲೆ ಉಳಿದ ಕಾಯಿಪಲ್ಯದ ಹಾಗೆ ಕಾಣುತ್ತವೆ. ಅವಕ್ಕೆ 8 ಇಂಚು ಎತ್ತರ ಸಾಕು. ನಿಮ್ಮ ಸಾಮಾನಿನಲ್ಲಿ ನಿಜಕ್ಕೂ ದೊಡ್ಡದು ಅಂದರೆ ಗದೆ ಒಂದೇ. ಅದರ ತಲೆ 7 ಇಂಚು ಅಂದಮೇಲೆ ಶೋಕೇಸಿಗೆ ಹೆಚ್ಚೆಂದರೆ 12 ಇಂಚು ಆಳ ಬೇಕು.

ಈಗ ಬಡಿಗರ ಹತ್ತಿರ ಹೋಗಿ. ಆದರೆ 12 ಇಂಚು ಅನ್ನಬೇಡಿ, 11¾ ಅನ್ನಿ. ಪ್ಲೈವುಡ್ ಶೀಟ್ 8 ಅಡಿಗೆ 4 ಅಡಿ. ಅಗಲ 48 ಇಂಚು. ಗರಗಸ ಹೋದಲ್ಲೆಲ್ಲ ಒಂದಿಷ್ಟು ಪುಡಿಯಾಗುತ್ತೆ. ಹಾಗಾಗಿ ಸರಿಯಾಗಿ 12 ಇಂಚಿನ ನಾಲ್ಕು ಪಟ್ಟಿ ಬರಲ್ಲ, ನಾಲ್ಕನೆಯದು ಗಿಡ್ಡ ಬೀಳುತ್ತೆ. 11¾ ಆದರೆ ನಾಲ್ಕೂ ಸಮ. 6 ಅಡಿ ಎತ್ತರ, 42 ಇಂಚು ಅಗಲ ಇಟ್ಟುಕೊಂಡರೆ ಎರಡು ಪಟ್ಟಿಯಲ್ಲಿ ಎರಡು ಪಕ್ಕ ಆಯಿತು. ಉಳಿದ ಎರಡರಲ್ಲಿ ಮೇಲಿನ ಹಲಗೆ, ಕೆಳಗಿನ ಹಲಗೆ, ನಡುವಿನ ಹಲಗೆ, ಒಂದು ಉದ್ದುದ್ದ ಅಡ್ಡಗೋಡೆ. ಅಂದರೆ ಇಡೀ ಪೆಟ್ಟಿಗೆ 18 ಎಂಎಂನ ಒಂದೇ ಶೀಟಿನಲ್ಲಿ ಮುಗಿಯುತ್ತೆ. ಕೆಳಗಿನ ಬಾಗಿಲಿಗೆ, ಹಿಂಬದಿಯ 6 ಎಂಎಂ ಹಲಗೆಗೆ ಮಾತ್ರ ಬೇರೆ ತುಂಡು ಬೇಕು. ಶೀಟಿನ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 303 ಅಂತ ಇದ್ದರೆ ಹಾಲ್‌ಗೆ ಸಾಕು. ಐಎಸ್ 710 ಅನ್ನೋದು ಮರೀನ್ ಪ್ಲೈ. ಸಿಂಕ್ ಕೆಳಗೆ ಅದು ಬೇಕು, ಇಲ್ಲಿ ಸುಮ್ನೆ ದುಡ್ಡು ದಂಡ.

ಕೆಳಗಿನ 24 ಇಂಚು ಮರದ ಬಾಗಿಲೇ ಇರಲಿ. ಮಗನ ಕೈ, ಚೆಂಡು, ಸೈಕಲ್ಲು ಎಲ್ಲ ಬಡಿಯೋದು ಅಲ್ಲಿಗೇ. ಅವನ ಆಟದ ಸಾಮಾನೂ ಅದರೊಳಗೇ ಹೋಗಲಿ. ಗಾಜು ಅದರ ಮೇಲಿಂದ ಶುರುವಾಗಲಿ. ಸೋಫಾದಲ್ಲಿ ಕೂತವರ ಕಣ್ಣು ಆ ಗಾಜಿನ ಮಟ್ಟಕ್ಕೇ ಬರುತ್ತೆ.

ಗಾಜಿನ ಬಾಗಿಲು ಸ್ಲೈಡಿಂಗ್ ಮಾಡಿಸಿ ಅಂತ ಎಲ್ಲರೂ ಹೇಳ್ತಾರೆ. ನಿಮಗೆ ಬೇಡ. ಅದು ಒಂದು ಸಲಕ್ಕೆ ಅರ್ಧ ಮಾತ್ರ ತೆರೆಯುತ್ತೆ, ಹಳಿಯಲ್ಲಿ ಧೂಳು ಕೂತು ಕಿರುಗುಟ್ಟುತ್ತೆ. ಅದರ ಬದಲು 14 ಇಂಚಿನ ಮೂರು ಕದ ಹಾಕಿಸಿ. ಅಷ್ಟು ಸಣ್ಣ ಕದ ತೆಗೆದರೆ ಹಾಲ್‌ನಲ್ಲಿ ಯಾರಿಗೂ ಅಡ್ಡ ಆಗಲ್ಲ. ಅಡ್ಡಗೋಡೆ ಮೊದಲ ಕದದ ಅಂಚಿಗೆ ಬರಲಿ. ಆ ಎಡಗಡೆಯ ಉದ್ದ ಖಾನೆ ಗದೆಗೆ. ಅಡ್ಡ ಮಲಗಿಸದೆ ನಿಲ್ಲಿಸಿಡಿ. ಕುಸ್ತಿಯ ಗದೆಗೆ ನಿಂತರೇನೇ ಚೆಂದ ಅಲ್ವಾ? ಅದರ ಕೆಳಗೆ ರಬ್ಬರ್ ಮ್ಯಾಟ್ ಮಾತ್ರ ಹಾಕಬೇಡಿ. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತೆ. ಹತ್ತಿ ಬಟ್ಟೆ ಹಾಕಿ.

ಬಲಗಡೆ ಗಾಜಿನ ಹಲಗೆಗಳು. ಅವನ್ನು ಮೇಲೆ ಕೆಳಗೆ ಸರಿಸುವ ಹಾಗೆ ಪಕ್ಕದಲ್ಲಿ ಸಾಲಾಗಿ ತೂತು ಹೊಡೆಸಿ. ಗೋಕಾಕದ ಹಣ್ಣು ಹಗುರ, ಗಾಜಿನ ಮೇಲೆ ಕೂರಲಿ. ಹಿತ್ತಾಳೆಯ ತಂಬಿಗೆ, ಸಮೆ (ಎಣ್ಣೆದೀಪದ ಕಂಬ) ಭಾರ. ಅವು ನಡುವಿನ ಪ್ಲೈವುಡ್ ಹಲಗೆಯ ಮೇಲೇ ಇರಲಿ. ಕದಕ್ಕೆ ಟಫನ್ಡ್ ಗಾಜು ಹಾಕಿಸಿ. ಒಡೆದರೂ ಚೂಪು ಚೂರಾಗಲ್ಲ, ಸಣ್ಣ ಹರಳಾಗಿ ಉದುರುತ್ತೆ. ಒಂದು ತೊಂದರೆ ಅಂದರೆ, ಟಫನ್ ಆದಮೇಲೆ ಅದನ್ನು ಕತ್ತರಿಸೋಕೂ ಆಗಲ್ಲ, ತೂತು ಹೊಡೆಯೋಕೂ ಆಗಲ್ಲ. ಪೆಟ್ಟಿಗೆ ನಿಂತಮೇಲೆ ಅಳತೆ ಕೊಡಿ. ಬೀಗ, ಹಿಡಿಕೆಯ ತೂತು ಎಲ್ಲಿ ಅಂತ ಆಗಲೇ ಹೇಳಿಬಿಡಿ.

ಹಿಂದಿನ ಕನ್ನಡಿ ನನಗೆ ಸೇರಲ್ಲ. ಹಾಲ್ ದೊಡ್ಡದಾಗಿ ಕಾಣುತ್ತೆ ಅಂತಾರೆ. ಆದರೆ ಸೋಫಾದ ಮೇಲೆ ಬಿದ್ದ ಟವೆಲ್ಲೂ ಎರಡಾಗಿ ಕಾಣುತ್ತೆ. ಪಕ್ಕದಲ್ಲೇ ಗುಳೇದಗುಡ್ಡ ಇದೆ, ರವಿಕೆಯ ಖಣಕ್ಕೆ ಹೆಸರಾದ ಊರು. ಒಂದು ಹಸಿರು ಖಣ ತಂದು ತೆಳು ಹಲಗೆಗೆ ಬಿಗಿಯಾಗಿ ಸುತ್ತಿ ಹಿಂದೆ ನಿಲ್ಲಿಸಿ. ಹಿತ್ತಾಳೆ ಅದರ ಮುಂದೆ ಎದ್ದು ಕಾಣುತ್ತೆ. ಅಂಟು ಹಾಕಬೇಡಿ, ಯಾವಾಗ ಬೇಕಾದರೂ ಬಿಚ್ಚಿ ಒಗೆಯುವ ಹಾಗಿರಲಿ. ಪಶ್ಚಿಮದ ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತಿದ್ದರೆ ಪರದೆ ಹಾಕಿ. ಇಲ್ಲದಿದ್ದರೆ ಖಣದ ಬಣ್ಣವೂ ಹೋಗುತ್ತೆ, ಹಣ್ಣಿನ ಬಣ್ಣವೂ ಹೋಗುತ್ತೆ.

ಕೊನೆಗೆ ಎರಡು ಕೆಲಸ, ಯಾರು ಎಷ್ಟೇ ಬೇಡ ಅಂದರೂ ಬಿಡಬೇಡಿ. ಪೆಟ್ಟಿಗೆಯ ಕೆಳಗೆ ಎರಡು ಇಂಚಿನ ಇಳಕಲ್ ಕಲ್ಲಿನ ಪಟ್ಟಿ ಕೊಡಿಸಿ, ನೆಲ ಒರೆಸುವ ನೀರು ಪ್ಲೈಗೆ ತಾಗಬಾರದು. ಮತ್ತೆ ಮೇಲ್ಗಡೆ ಎರಡು ಎಲ್ ಕ್ಲಾಂಪ್ ಹಾಕಿಸಿ ಗೋಡೆಗೆ ಬಿಗಿಸಿ. ಆಳ ಕಡಿಮೆ, ಎತ್ತರ ಜಾಸ್ತಿ ಇರುವ ಪೆಟ್ಟಿಗೆ ಇದು. ಮಗು ಕೆಳಗಿನ ಬಾಗಿಲು ತೆಗೆದು ಹಲಗೆ ಮೇಲೆ ಕಾಲಿಟ್ಟರೆ ಮುಂದಕ್ಕೆ ವಾಲುತ್ತೆ.

ಪ್ರಶ್ನೆ: ಬೆಳಗಾವಿಯಲ್ಲಿ ಮಳೆಗಾಲ ಬಂದರೆ ನಮ್ಮ ಶೋಕೇಸಿನ ಹಿಂಬದಿಗೆ ಬೂಷ್ಟು ಹಿಡಿಯುತ್ತೆ. ವಾರ್ನಿಷ್ ಹೊಡೆಸಬೇಕಾ?
— ಓದುಗರೊಬ್ಬರು, ಟಿಳಕವಾಡಿ

ಉತ್ತರ: ವಾರ್ನಿಷ್ ಆಮೇಲೆ. ಮೊದಲು ಅದು ಯಾವ ಗೋಡೆಗಿದೆ ನೋಡಿ ಸಾಹೇಬ್ರೇ. ನಿಮ್ಮೂರಿನ ಮಳೆ ಪಶ್ಚಿಮದಿಂದ ಬಡಿಯುತ್ತೆ. ಆ ಕಡೆಯ ಹೊರಗೋಡೆ ತೇವ ಹೀರಿ ಒಳಗೆ ಬಿಡುತ್ತೆ. ಶೋಕೇಸನ್ನು ಒಳಗಿನ ಗೋಡೆಗೆ ಸರಿಸಿ. ಜಾಗ ಇಲ್ಲದಿದ್ದರೆ ಗೋಡೆಯಿಂದ ಒಂದು ಇಂಚು ಬಿಟ್ಟು ನಿಲ್ಲಿಸಿ, ಹಿಂದೆ ಗಾಳಿ ಆಡಲಿ. ಬೂಷ್ಟನ್ನು ಒಣಬಟ್ಟೆಯಲ್ಲಿ ಕೊಡವಬೇಡಿ, ಮನೆಯೆಲ್ಲಾ ಹಾರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ವಾರ್ನಿಷ್. ಪಾರ್ಟಿಕಲ್ ಬೋರ್ಡ್ ಆಗಿದ್ದು ಈಗಾಗಲೇ ಉಬ್ಬಿದ್ದರೆ ಅದಕ್ಕೆ ಖರ್ಚು ಮಾಡಬೇಡಿ, ಅದು ಮೊದಲಿನ ಹಾಗೆ ಕೂರಲ್ಲ.

ಪ್ರಶ್ನೆ: ಶೋಕೇಸ್ ಒಳಗೆ ಲೈಟ್ ಬೇಕಾ?
— ಓದುಗರೊಬ್ಬರು, ವಿಜಯಪುರ

ಉತ್ತರ: ಹಲಗೆಗಳು ಗಾಜಿನವಾದರೆ ಮೇಲೊಂದು ಎಲ್‌ಇಡಿ ಪಟ್ಟಿ ಸಾಕು, ಬೆಳಕು ಕೆಳಗಿನವರೆಗೂ ಇಳಿಯುತ್ತೆ. ಮರದ ಹಲಗೆಯಾದರೆ ಪ್ರತಿ ಖಾನೆಗೂ ಬೇಕಾಗುತ್ತೆ, ಅಷ್ಟು ವೈರಿಂಗ್ ತಲೆನೋವು ಬೇಡ ಅನ್ನೋದು ನನ್ನ ಅಭಿಪ್ರಾಯ. ಪಟ್ಟಿಯನ್ನು ಮುಂದಿನ ಅಂಚಿಗೆ ಅಂಟಿಸಿ. ಹಿಂದೆ ಅಂಟಿಸಿದರೆ ಸಾಮಾನು ಕಪ್ಪಗೆ ಕಾಣುತ್ತೆ. ಅಡಾಪ್ಟರ್ ಬಿಸಿಯಾಗುತ್ತೆ, ಅದು ಶೋಕೇಸಿನ ಹೊರಗೇ ಇರಲಿ.