ನರ ಉಬ್ಬಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಕೇ?

ಪ್ರಶ್ನೆ: ಡಾಕ್ಟರೇ, ನನಗೆ 32 ವರ್ಷ, ಪತ್ನಿಗೆ 29. ಎರಡು ವರ್ಷಗಳಿಂದ ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಪತ್ನಿಯ ಪರೀಕ್ಷೆಗಳಲ್ಲಿ ಯಾವ ದೋಷವೂ ಕಂಡಿಲ್ಲ. ನನ್ನ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣುಗಳ ಸಂಖ್ಯೆ ಮಿಲಿಲೀಟರಿಗೆ 90 ಲಕ್ಷ, ಮುಂದಕ್ಕೆ ಚಲಿಸುವವು ಶೇ 18 ಎಂದು ಬಂದಿದೆ. ಸ್ಕ್ಯಾನ್ ವರದಿಯಲ್ಲಿ ಎಡಗಡೆ ವೇರಿಕೋಸೀಲ್ ಇದೆ ಎಂದು ಬರೆದಿದ್ದಾರೆ. ನೋವಿಲ್ಲ, ದಾಂಪತ್ಯದಲ್ಲಿಯೂ ತೊಂದರೆಯಿಲ್ಲ. ಒಬ್ಬ ವೈದ್ಯರು ಕೂಡಲೇ ಆಪರೇಷನ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ನೇರವಾಗಿ ಪ್ರನಾಳ ಶಿಶು ಚಿಕಿತ್ಸೆಯಾದ ಐವಿಎಫ್‌ಗೆ ಹೋಗಿ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಹೆಸರು ಬೇಡ

ಉತ್ತರ: ಆಡುಮಾತಿನಲ್ಲಿ ಇದನ್ನು ‘ನರ ಉಬ್ಬಿದೆ’ ಎನ್ನುತ್ತೇವಾದರೂ ಉಬ್ಬಿರುವುದು ನರವಲ್ಲ, ವೃಷಣದಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ಅಭಿಧಮನಿಗಳ ಜಾಲ. ಅವುಗಳೊಳಗಿನ ಕವಾಟಗಳು ಸರಿಯಾಗಿ ಮುಚ್ಚಿಕೊಳ್ಳದಿದ್ದಾಗ ಮೇಲೇರಬೇಕಾದ ರಕ್ತ ಕೆಳಕ್ಕೆ ಜಾರಿ ನಿಲ್ಲುತ್ತದೆ. ಬಲಗಡೆಯ ಅಭಿಧಮನಿ ದೇಹದ ಮಹಾ ಅಭಿಧಮನಿಗೆ ಓರೆಯಾಗಿ ಸೇರಿದರೆ, ಎಡಗಡೆಯದು ಅದಕ್ಕಿಂತ ಉದ್ದವಾಗಿದ್ದು, ಮೂತ್ರಪಿಂಡದ ಅಭಿಧಮನಿಗೆ ಲಂಬಕೋನದಲ್ಲಿ ಸೇರುತ್ತದೆ. ಆದ್ದರಿಂದಲೇ ಈ ತೊಂದರೆ ಬಹುಪಾಲು ಎಡಗಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಬಲಗಡೆ ಮಾತ್ರ ಹಠಾತ್ತನೆ ಕಾಣಿಸಿಕೊಂಡರೆ ಹೊಟ್ಟೆಯೊಳಗೆ ಗಡ್ಡೆಯೇನಾದರೂ ಒತ್ತುತ್ತಿದೆಯೇ ಎಂದು ನೋಡಬೇಕಾಗುತ್ತದೆ.

ವೀರ್ಯಾಣುಗಳು ಸರಿಯಾಗಿ ತಯಾರಾಗಲು ವೃಷಣ ದೇಹದ ಉಷ್ಣತೆಗಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು. ನಿಂತ ರಕ್ತ ಈ ತಂಪನ್ನು ಕೆಡಿಸುತ್ತದೆ, ಆಮ್ಲಜನಕದ ಪೂರೈಕೆಯನ್ನೂ ಕುಗ್ಗಿಸುತ್ತದೆ. ಜೀವಕೋಶಗಳಿಗೆ ಹಾನಿ ಮಾಡುವ ಆಮ್ಲಜನಕದ ಉಪ-ಉತ್ಪನ್ನಗಳು ವೀರ್ಯದಲ್ಲಿ ಹೆಚ್ಚಾಗಿ, ವೀರ್ಯಾಣುವಿನ ಹೊರಪೊರೆಯನ್ನೂ ಅದರ ತಲೆಯೊಳಗಿನ ಡಿಎನ್‌ಎಯನ್ನೂ ಘಾಸಿಗೊಳಿಸುತ್ತವೆ. ಇದರಿಂದ ಸಂಖ್ಯೆ, ಚಲನೆ, ಆಕಾರ ಮೂರೂ ಕುಸಿಯಬಹುದು. ಲೈಂಗಿಕ ಸಾಮರ್ಥ್ಯ ಚೆನ್ನಾಗಿರುವುದಕ್ಕೂ ವೀರ್ಯಾಣುಗಳು ಚೆನ್ನಾಗಿರುವುದಕ್ಕೂ ಸಂಬಂಧವಿಲ್ಲವೆಂಬುದನ್ನು ಗಂಡಸರು ಸುಲಭವಾಗಿ ಒಪ್ಪುವುದಿಲ್ಲ. ನಿಮ್ಮ ವರದಿಯೇ ಅದಕ್ಕೆ ಸಾಕ್ಷಿ.

ಹಾಗೆಂದು ವೇರಿಕೋಸೀಲ್ ಇದ್ದವರೆಲ್ಲರಿಗೂ ಮಕ್ಕಳಾಗುವುದಿಲ್ಲ ಎಂದಲ್ಲ. ಗಂಡಸರಲ್ಲಿ ಸುಮಾರು ಶೇ 15ರಷ್ಟು ಮಂದಿಗೆ ಇದಿರುತ್ತದೆ, ಅವರಲ್ಲಿ ಹೆಚ್ಚಿನವರು ತಂದೆಯಾಗುತ್ತಾರೆ. ಸಂತಾನವಿಲ್ಲವೆಂದು ಬರುವ ಗಂಡಸರಲ್ಲಿ ಮಾತ್ರ ಇದರ ಪ್ರಮಾಣ ಶೇ 35ರಿಂದ 40ರವರೆಗೆ ಏರುತ್ತದೆ.

ಆದ್ದರಿಂದ ಆಪರೇಷನ್ನೋ ಐವಿಎಫ್ಫೋ ಎಂದು ತೀರ್ಮಾನಿಸುವ ಮೊದಲು ಎರಡು ಕೆಲಸ ಆಗಬೇಕು. ಒಂದು, ಕೈಯಿಂದ ಮಾಡುವ ಪರೀಕ್ಷೆ. ಬೆಚ್ಚಗಿನ ಕೋಣೆಯಲ್ಲಿ ನಿಮ್ಮನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು ಮುಕ್ಕಲು ಹೇಳಿ ವೈದ್ಯರು ವೃಷಣದ ಮೇಲ್ಭಾಗವನ್ನು ಮುಟ್ಟಿ ನೋಡುತ್ತಾರೆ. ಮುಕ್ಕಿದಾಗ ಮಾತ್ರ ಸಿಕ್ಕಿದರೆ ಗ್ರೇಡ್ 1, ಸುಮ್ಮನೆ ನಿಂತಾಗಲೇ ಎರೆಹುಳುಗಳ ಗಂಟಿನಂತೆ ಬೆರಳಿಗೆ ತಾಗಿದರೆ 2, ದೂರದಿಂದಲೇ ಕಣ್ಣಿಗೆ ಕಂಡರೆ 3. ಸ್ಕ್ಯಾನಿನಲ್ಲಿ ಮಾತ್ರ ಕಂಡು ಕೈಗೆ ಸಿಗದಿದ್ದರೆ ಅದಕ್ಕೆ ಶಸ್ತ್ರಚಿಕಿತ್ಸೆ ಬೇಡ. ಎರಡು, ಕೆಲವು ವಾರಗಳ ಅಂತರದಲ್ಲಿ ಇನ್ನೊಂದು ವೀರ್ಯ ಪರೀಕ್ಷೆ. ಸಂಪರ್ಕವಿಲ್ಲದೆ ಎರಡರಿಂದ ಏಳು ದಿನ ಕಳೆದ ಮೇಲೆ ಮಾದರಿ ಕೊಡಿ. ಜ್ವರ ಬಂದು ಹೋದ ಎರಡು ಮೂರು ತಿಂಗಳೊಳಗಿನ ವರದಿಯನ್ನು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳೂ ಶೇ 30ರಷ್ಟು ಮುನ್ನಡೆಯ ಚಲನೆಯೂ ಕೆಳಮಿತಿ. ಆ ಮಿತಿಗಿಂತ ಕೆಳಗಿದ್ದ ಮಾತ್ರಕ್ಕೆ ಗರ್ಭಧಾರಣೆ ಅಸಾಧ್ಯವಲ್ಲ.

ಮರುಪರೀಕ್ಷೆಯಲ್ಲಿಯೂ ಇದೇ ಫಲಿತಾಂಶ ಬಂದು, ಊತವೂ ಕೈಗೆ ಸಿಕ್ಕಿದರೆ, ನಿಮ್ಮ ಸ್ಥಿತಿಯಲ್ಲಿ ನಾನು ಶಸ್ತ್ರಚಿಕಿತ್ಸೆಯ ಕಡೆಗೇ ಒಲಿಯುತ್ತೇನೆ. ಅದಕ್ಕೆ ಮುಖ್ಯ ಕಾರಣ ನಿಮ್ಮ ಪತ್ನಿಯ ವಯಸ್ಸು; 29ರಲ್ಲಿ ಕಾಯಲು ಸಮಯವಿದೆ. ಅವರಿಗೆ 38 ಆಗಿದ್ದರೆ ನಾನೂ ಐವಿಎಫ್ ಎಂದೇ ಹೇಳುತ್ತಿದ್ದೆ. ಸೂಕ್ಷ್ಮದರ್ಶಕದ ನೆರವಿನಿಂದ ಮಾಡುವ ವಿಧಾನವನ್ನೇ ಕೇಳಿ ಪಡೆಯಿರಿ. ತೊಡೆಸಂದಿಯ ಬಳಿ ಎರಡು ಮೂರು ಸೆಂಟಿಮೀಟರ್ ಸೀಳಿ, ವೃಷಣಕ್ಕೆ ರಕ್ತ ತರುವ, ದಾರದಷ್ಟು ತೆಳ್ಳಗಿನ ಅಪಧಮನಿಯನ್ನೂ ಅಲ್ಲಿನ ಹೆಚ್ಚುವರಿ ದ್ರವವನ್ನು ಹೊರಸಾಗಿಸುವ ದುಗ್ಧನಾಳಗಳನ್ನೂ ಬಿಟ್ಟು, ಉಬ್ಬಿದ ಅಭಿಧಮನಿಗಳನ್ನು ಮಾತ್ರ ಒಂದೊಂದಾಗಿ ಕಟ್ಟುತ್ತಾರೆ. ದುಗ್ಧನಾಳ ತುಂಡಾದರೆ ಮುಂದೆ ವೃಷಣದ ಸುತ್ತ ನೀರು ತುಂಬಿಕೊಳ್ಳಬಹುದು. ಈ ವಿಧಾನದಲ್ಲಿ ಆ ಅಪಾಯವೂ ಊತ ಮರುಕಳಿಸುವ ಸಾಧ್ಯತೆಯೂ ಬಹಳ ಕಡಿಮೆ.

ಫಲ ಮಾತ್ರ ಮರುತಿಂಗಳೇ ಸಿಗುವುದಿಲ್ಲ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು, ಹೊರಬರುವ ಹಾದಿಗೆ ಇನ್ನೂ ಕೆಲವು ದಿನ. ಆದ್ದರಿಂದ ಮೊದಲ ಪರೀಕ್ಷೆ ಮೂರು ತಿಂಗಳಿಗೆ, ಮುಂದಿನದು ಆರು ತಿಂಗಳಿಗೆ. ಮೂವರಲ್ಲಿ ಸುಮಾರು ಇಬ್ಬರಿಗೆ ವರದಿ ಸುಧಾರಿಸುತ್ತದೆ. ವರದಿ ಸುಧಾರಿಸಿದವರೆಲ್ಲರ ಮನೆಯಲ್ಲೂ ತೊಟ್ಟಿಲು ತೂಗುತ್ತದೆಂದು ಭರವಸೆ ಕೊಡಲಾರೆ. ಈ ನಡುವೆ ಧೂಮಪಾನ ಬಿಡಿ. ‘ಶಕ್ತಿ ಬರುತ್ತದೆ’ ಎಂದು ಯಾರಾದರೂ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಸೂಚಿಸಿದರೆ ಒಪ್ಪಬೇಡಿ, ಅದು ಇರುವ ವೀರ್ಯಾಣು ಉತ್ಪತ್ತಿಯನ್ನೂ ನಿಲ್ಲಿಸಿಬಿಡುತ್ತದೆ.

ಪ್ರಶ್ನೆ: ನನ್ನ 15 ವರ್ಷದ ಮಗನಿಗೂ ಇದೇ ತೊಂದರೆ ಇದೆಯೆಂದು ಗೊತ್ತಾಗಿದೆ. ಈಗಲೇ ಆಪರೇಷನ್ ಮಾಡಿಸದಿದ್ದರೆ ಮುಂದೆ ಮಕ್ಕಳಾಗುವುದಿಲ್ಲವೇ?
— ಒಬ್ಬ ತಾಯಿ

ಉತ್ತರ: ಗಾಬರಿ ಬೇಡಮ್ಮ. ಹರೆಯದಲ್ಲಿಯೇ ಇದು ಮೊದಲು ಕಾಣಿಸಿಕೊಳ್ಳುವುದು, ಹೆಚ್ಚಿನ ಹುಡುಗರಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ವರ್ಷಕ್ಕೊಮ್ಮೆ ಎರಡೂ ವೃಷಣಗಳ ಗಾತ್ರವನ್ನು ಅಳೆಸಿ. ಊತವಿರುವ ಕಡೆಯದು ಇನ್ನೊಂದಕ್ಕಿಂತ ಶೇ 20ಕ್ಕೂ ಹೆಚ್ಚು ಚಿಕ್ಕದಾಗಿಯೇ ಉಳಿದರೆ, ಅಥವಾ ನೋವು ಬಿಡದೆ ಕಾಡಿದರೆ, ಆಗ ಮೂತ್ರಾಂಗ ತಜ್ಞರೊಂದಿಗೆ ಶಸ್ತ್ರಚಿಕಿತ್ಸೆಯ ವಿಚಾರ ಮಾತನಾಡಿ. ಪರೀಕ್ಷೆಯ ಹೊತ್ತಿನಲ್ಲಿ ಹುಡುಗ ವೈದ್ಯರೊಂದಿಗೆ ಒಬ್ಬನೇ ಇರಲು ಬಯಸಿದರೆ ನೀವು ಹೊರಗೆ ಕುಳಿತಿರಿ.