ಭಾರತೀಯ ವಾಯುಪಡೆಯ 125ನೇ ಹೆಲಿಕಾಪ್ಟರ್ ಸ್ಕ್ವಾಡ್ರನ್ ಇತಿಹಾಸವನ್ನು ಕನ್ನಡದಲ್ಲಿ ಬರೆಯಬೇಕು. ಈಗಿನ ದಾಳಿ ಹೆಲಿಕಾಪ್ಟರ್ ಅಪಾಚೆಯಿಂದ ಶುರು ಮಾಡಲೇ, ಹಳೆಯ ಎಂಐ-25ರಿಂದಲೇ? ದಾಖಲೆಗಳೆಲ್ಲ ಗೋಪ್ಯ ಅನ್ನುತ್ತಾರೆ, ನಿಜವೇ?

ಎರಡರಿಂದಲೂ ಬೇಡ. ಇದೇ ಸ್ಕ್ವಾಡ್ರನ್, ‘ಗ್ಲಾಡಿಯೇಟರ್ಸ್’ ಬಗ್ಗೆ ಬರೆಯಬೇಕೆಂದು ನಾನೂ ಹೊರಟಿದ್ದೆ. ನಿಮ್ಮ ಹಾಗೇ ಯಾವ ಹೆಲಿಕಾಪ್ಟರ್ ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ಹಾಕುತ್ತಾ ಕೂತಿದ್ದೆ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಆ ಸ್ಕ್ವಾಡ್ರನ್ನಿನ ನಿವೃತ್ತ ಸಾರ್ಜೆಂಟ್ ಒಬ್ಬರಿದ್ದರು, ಪಾಂಡವಪುರದ ಕಡೆಯವರು. 1987ರಲ್ಲಿ ಶಾಂತಿಪಾಲನಾ ಪಡೆಯ ಬೆನ್ನಿಗೆ ಎಂಐ-25ಗಳು ಶ್ರೀಲಂಕಾಕ್ಕೆ ಹೋದಾಗ ಇವರು ರಾಕೆಟ್ ತುಂಬುವ ತಂಡದಲ್ಲಿದ್ದರು. ಹೋದ ಮೊದಲ ದಿನವೇ ಕಬ್ಬಿಣದ ಟ್ರಂಕಿನಿಂದ ಆಲ್ಬಂ ತೆಗೆದರು. ಒಂದು ಫೋಟೋದಲ್ಲಿ ಗಿಡ್ಡ ರೆಕ್ಕೆಯ ಕೆಳಗೆ ಬನಿಯನ್ನಿನಲ್ಲಿ ಕೂತ ನಾಲ್ಕು ಹುಡುಗರು, ತಲೆಯ ಮೇಲೆ ರಾಕೆಟ್ ತುಂಬುವ ತೂತು ತೂತಿನ ಡಬ್ಬ, ಅದೇ ಪಾಡ್. ಒಂದು ಪಾಡಿಗೆ 32 ರಾಕೆಟ್, ಅಷ್ಟನ್ನೂ ಕೈಯಲ್ಲೇ ತಳ್ಳಬೇಕು ಅಂತ ತೋರುಬೆರಳಿನ ಹಳೇ ಗಾಯದ ಗುರುತು ತೋರಿಸಿದರು. ನಾನು ಅದನ್ನು ಬರೆದುಕೊಳ್ಳಲಿಲ್ಲ. ಇಂಜಿನ್ ಯಾವುದು, ವೇಗ ಎಷ್ಟು ಎಂದೇ ಕೇಳುತ್ತಿದ್ದೆ.

ತಪ್ಪು ಆಗಿದ್ದು ಕಾರ್ಗಿಲ್ ಅಧ್ಯಾಯದಲ್ಲಿ. ಹೆಲಿಕಾಪ್ಟರಿನಿಂದ ದಾಳಿ ನಡೆದಿದೆ ಅಂದಮೇಲೆ ಮಾಡಿದ್ದು ದಾಳಿ ಹೆಲಿಕಾಪ್ಟರೇ ಎಂದುಕೊಂಡೆ. 1999ರ ಮೇ 28ರಂದು ತೋಲೋಲಿಂಗ್ ಶಿಖರದ ಬಳಿ ಹೆಲಿಕಾಪ್ಟರಿಗೆ ಕ್ಷಿಪಣಿ ಬಡಿದು ನಾಲ್ವರು ಹುತಾತ್ಮರಾದದ್ದನ್ನು ಈ ಸ್ಕ್ವಾಡ್ರನ್ನಿನ ಕಥೆಯಾಗಿ ಬರೆದು, ಅವರ ಮುಂದೆಯೇ ಕೂತು ಓದಿದೆ. ಪೂರ್ತಿ ಕೇಳಿಸಿಕೊಂಡರು. “ಅವತ್ತು ಹೋದೋರು 152ನೋರಪ್ಪ. ಅವರ ಸಾವನ್ನ ನಮ್ಮ ಲೆಕ್ಕಕ್ಕೆ ಬರ್ಕೊಂಡಿದೀಯಲ್ಲ” ಅಂದರು. ಆಲ್ಬಂ ಟ್ರಂಕಿಗೆ ಹೋಯಿತು. ಆಮೇಲೆ ಹೋದಾಗಲೆಲ್ಲ ಕಾಫಿ ಕೊಟ್ಟರು, ಮಾತು ಮಾತ್ರ ಕೊಡಲಿಲ್ಲ.

ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಬಹಳ ಜನ ಇಲ್ಲೇ ಎಡವುತ್ತಾರೆ. ಅವತ್ತು ಬಿದ್ದದ್ದು 152ನೇ ಯೂನಿಟ್ಟಿನ ಎಂಐ-17, ಸಾಗಾಟದ ಹೆಲಿಕಾಪ್ಟರ್. ಅದಕ್ಕೇ ರಾಕೆಟ್ ಕಟ್ಟಿ ಕಳಿಸಿದ್ದರು. ಯಾಕೆಂದರೆ ತೋಲೋಲಿಂಗ್ ಸುಮಾರು 15,000 ಅಡಿ ಎತ್ತರ. ಅಲ್ಲಿನ ತೆಳು ಗಾಳಿಯಲ್ಲಿ ಇಂಜಿನ್ನಿನ ಶಕ್ತಿಯೂ ಇಳಿಯುತ್ತದೆ, ರೆಕ್ಕೆಗೆ ಸಿಗುವ ಎತ್ತುಬಲವೂ ಇಳಿಯುತ್ತದೆ. ದಾಳಿ ಹೆಲಿಕಾಪ್ಟರುಗಳಾದ ಎಂಐ-25, ಎಂಐ-35ಗಳು ಉಕ್ಕಿನ ಕವಚದ ಭಾರಿ ಯಂತ್ರಗಳು, ಖಾಲಿ ಇದ್ದಾಗಲೇ ಎಂಟು ಟನ್ನಿನ ಮೇಲೆ. ಆಯುಧ ಹೊತ್ತು ಅಲ್ಲಿ ಹೋರಾಡುವುದು ಅವುಗಳ ಕೈಲಾಗದ ಕೆಲಸ. ಆ ಕೊರತೆಯಿಂದಲೇ ನಮ್ಮ ಎಚ್‌ಎಎಲ್‌ನ ಎಲ್‌ಸಿಎಚ್ ಎಂಬ ಹಗುರ ದಾಳಿ ಹೆಲಿಕಾಪ್ಟರ್ ಹುಟ್ಟಿದ್ದು: ತುಂಬಿದ ತೂಕವೇ 5.8 ಟನ್. 2010ರ ಮಾರ್ಚ್ 29ರಂದು ಬೆಂಗಳೂರಲ್ಲಿ ಮೊದಲ ಹಾರಾಟ, 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ‘ಪ್ರಚಂಡ’ ಹೆಸರಿನಲ್ಲಿ ವಾಯುಪಡೆಗೆ ಸೇರ್ಪಡೆ. ಅದು ಸೇರಿದ್ದು 143ನೇ ಯೂನಿಟ್ಟಿಗೆ, ನಿಮ್ಮ 125ಕ್ಕಲ್ಲ. ಇದನ್ನೂ ಕಲಸಬೇಡಿ.

ಸ್ಕ್ವಾಡ್ರನ್ ಅಂದರೆ ಹೆಲಿಕಾಪ್ಟರ್ ಅಲ್ಲ. 125 ಕಟ್ಟಿದ್ದು 1983ರಲ್ಲಿ. 2019ರ ಸೆಪ್ಟೆಂಬರ್ 3ರಂದು ಪಠಾಣಕೋಟ್‌ನಲ್ಲಿ ಎಂಟು ಅಪಾಚೆ ಬಂದಾಗ ಯಂತ್ರ ಹೊಸದಾಯಿತು, ನಂಬರು ಹಳೆಯದೇ. ಯಾರು ಯಾವ ನಂಬರಿನಡಿ ದುಡಿದರು, ಯಾರು ಸತ್ತರು ಅನ್ನುವುದು ಅಲ್ಲಿದ್ದವರಿಗೆ ಮುಖ್ಯ. ನಿಮಗೂ ಅದೇ ಮುಖ್ಯ ಆಗಬೇಕು.

ಗೋಪ್ಯ ದಾಖಲೆಯ ಚಿಂತೆ ಬಿಡಿ. ರಾಕೆಟ್ ತುಂಬಿದವರು, ಇಂಜಿನ್ ಬಿಚ್ಚಿದವರು ಮೈಸೂರು, ಮಂಡ್ಯದಲ್ಲೇ ಪೆನ್ಷನ್ ತಗೊಂಡು ಇದ್ದಾರೆ. ಸೈನಿಕ ಕಲ್ಯಾಣ ಕಚೇರಿಗೆ ಬರುವ ಏರ್‌ಫೋರ್ಸಿನವರನ್ನು ಮಾತಾಡಿಸಿ, ಒಬ್ಬರು ಇನ್ನೊಬ್ಬರ ಮನೆ ತೋರಿಸುತ್ತಾರೆ. ಬೆಳಗಿನ ಮೊದಲ ಹಾರಾಟಕ್ಕೆ ಮುಂಚೆ ನೀವು ಏನು ಮಾಡ್ತಿದ್ರಿ ಎಂದು ಕೇಳಿ. ಬರೆದದ್ದನ್ನು ಓದಿ ಹೇಳುವ ಮೊದಲು ಯೂನಿಟ್ ನಂಬರ್ ಮತ್ತು ತಾರೀಖು ಎರಡೂ ಸರಿಯಿವೆಯೇ ನೋಡಿಕೊಳ್ಳಿ. ಅಪಾಚೆಗೆ ಕೊನೇ ಅಧ್ಯಾಯ ಸಾಕು.